ಹಣಕ್ಕೊಂದು ಬ್ರೌಸರ್, ತಿರುಗಾಟಕ್ಕೊಂದು ಬ್ರೌಸರ್

ತಿಪಟೂರಿನಲ್ಲಿರುವ ನನ್ನ ಚಿಕ್ಕಪ್ಪ ಕೊಬ್ಬರಿ ಧಾರಣೆ ನೋಡೋಣವೆಂದು ಮೊಬೈಲ್ ಕೈಗೆತ್ತಿಕೊಂಡರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದೇ ಬೇರೆ. ‘ನಿಮ್ಮ ಫೋನಿನಲ್ಲಿ 13 ವೈರಸ್ ಇವೆ, ಈಗಲೇ ತೆಗೆಯಿರಿ’ ಎಂಬ ಕೆಂಪು ಸೂಚನೆ, ಅದರ ಕೆಳಗೊಂದು ಲಾಟರಿ, ಅದರ ಕೆಳಗೆ ಐದು ನಿಮಿಷದಲ್ಲಿ ಸಾಲ. ಕಳೆದ ದೀಪಾವಳಿಗೆ ಹೋದಾಗ ಫೋನನ್ನು ನನ್ನ ಮುಂದಿಟ್ಟು, “ಈ ಬ್ರೌಸರ್ ಕೆಟ್ಟುಹೋಗಿದೆ ಕಣಪ್ಪಾ, ಒಳ್ಳೆಯದು ಯಾವುದಾದರೂ ಇದ್ದರೆ ಹಾಕಿಕೊಡು” ಎಂದರು.

ಬ್ರೌಸರ್ ಕೆಟ್ಟಿರಲಿಲ್ಲ. ‘ಸೂಚನೆಗಳನ್ನು ಕಳುಹಿಸಬಹುದೇ?’ ಎಂದು ಕೇಳಿದ ಒಂಬತ್ತು ಜಾಲತಾಣಗಳಿಗೆ ಅವರು ಒಂದಲ್ಲ ಒಂದು ದಿನ ‘ಅಲೋ’ ಒತ್ತಿದ್ದರು. ಆ ಒಂಬತ್ತನ್ನೂ ಮುಚ್ಚಿದ ಮೇಲೆ ಫೋನು ಮೌನವಾಯಿತು. ಆದರೂ ಅವರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: ಇಷ್ಟೊಂದು ಬ್ರೌಸರ್‌ಗಳಲ್ಲಿ ಒಳ್ಳೆಯದು ಯಾವುದು? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಬ್ರೌಸರಿನಲ್ಲಿ ಎಲ್ಲವನ್ನೂ ಮಾಡುವ ಅಭ್ಯಾಸ ಬಿಡಿ. ಬ್ಯಾಂಕು, ತೆರಿಗೆ, ಆಸ್ತಿ ನೋಂದಣಿಯಂಥ ಕೆಲಸಗಳಿಗೆ ಒಂದನ್ನು ಇಟ್ಟುಕೊಳ್ಳಿ, ಮಿಕ್ಕ ತಿರುಗಾಟಕ್ಕೆ ಇನ್ನೊಂದನ್ನು. ಯಾವುದನ್ನು ಯಾವುದಕ್ಕೆ ಎಂದು ತೀರ್ಮಾನಿಸುವ ಬಗೆಯನ್ನು ಕೆಳಗೆ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಈಗಿರುವುದು ಯಾವುದು, ಅದರ ವಯಸ್ಸೆಷ್ಟು ನೋಡಿ

‘ನೀವು ಯಾವ ಬ್ರೌಸರ್ ಬಳಸುತ್ತೀರಿ?’ ಎಂದರೆ ಹತ್ತರಲ್ಲಿ ಆರು ಜನ ‘ಗೂಗಲ್’ ಎನ್ನುತ್ತಾರೆ. ಅದು ಹುಡುಕುವ ತಾಣದ ಹೆಸರು; ಬ್ರೌಸರ್ ಎಂದರೆ ಅಂಥ ತಾಣಗಳನ್ನು ತೆರೆದು ತೋರಿಸುವ ಆ್ಯಪ್. ವಾಟ್ಸ್ಆ್ಯಪ್‌ನಲ್ಲಿ ಬಂದ ಯಾವುದಾದರೂ ನಂಬಿಕಸ್ಥ ಕೊಂಡಿಯನ್ನು ಒತ್ತಿ ನೋಡಿ, ತೆರೆದುಕೊಂಡದ್ದು ನಿಮ್ಮ ಫೋನಿನ ಡೀಫಾಲ್ಟ್ ಬ್ರೌಸರ್. ಅದು ಕ್ರೋಮ್ ಆಗಿರಬಹುದು, ಫೋನು ತಯಾರಿಸಿದ ಕಂಪನಿಯ ಸ್ವಂತ ಬ್ರೌಸರ್ ಆಗಿರಬಹುದು.

ಕಂಪ್ಯೂಟರಿನಲ್ಲಾದರೆ ಕ್ರೋಮ್‌ನ ಬಲ ಮೂಲೆಯ ಮೂರು ಚುಕ್ಕಿ ಒತ್ತಿ, ‘ಹೆಲ್ಪ್’ ಒಳಗೆ ‘ಅಬೌಟ್ ಗೂಗಲ್ ಕ್ರೋಮ್’ಗೆ ಹೋಗಿ. ಫೈರ್‌ಫಾಕ್ಸ್‌ನಲ್ಲಿ ಮೂರು ಗೆರೆ, ‘ಹೆಲ್ಪ್’, ‘ಅಬೌಟ್ ಫೈರ್‌ಫಾಕ್ಸ್’. ಆ ಪುಟ ತೆರೆದ ಕೂಡಲೇ ಬ್ರೌಸರ್ ತಾನಾಗಿಯೇ ಹೊಸ ಆವೃತ್ತಿ ಹುಡುಕಿ ಇಳಿಸಿಕೊಳ್ಳುತ್ತದೆ. ಇಳಿಸಿಕೊಂಡರೆ ಸಾಲದು, ಮುಚ್ಚಿ ತೆರೆದಾಗಲೇ ಅದು ಜಾರಿಗೆ ಬರುವುದು. ಮೂವತ್ತು ಟ್ಯಾಬ್ ತೆರೆದಿಟ್ಟು ತಿಂಗಳುಗಟ್ಟಲೆ ಲ್ಯಾಪ್‌ಟಾಪ್ ಮುಚ್ಚಳವನ್ನಷ್ಟೇ ಮುಚ್ಚುವವರು ಇಲ್ಲೇ ಎಡವುತ್ತಾರೆ. ನಾನೂ ಆ ಪಂಗಡದವನೇ. ಆಂಡ್ರಾಯ್ಡ್‌ನಲ್ಲಿ ಅಪ್‌ಡೇಟ್ ಬರುವುದು ಪ್ಲೇ ಸ್ಟೋರ್ ಮೂಲಕ. ಐಫೋನಿನ ಸಫಾರಿಯಾದರೆ ಫೋನಿನ ಐಒಎಸ್ ಅಪ್‌ಡೇಟ್ ಜೊತೆಯಲ್ಲೇ ಬರುತ್ತದೆ, ಅಂದರೆ ಐಒಎಸ್ ಅಪ್‌ಡೇಟನ್ನು ‘ನಾಳೆ ನೋಡೋಣ’ ಎನ್ನುತ್ತ ಹೋದರೆ ಸಫಾರಿಯೂ ಹಳತಾಗುತ್ತ ಹೋಗುತ್ತದೆ.

ಇದಕ್ಕೇಕೆ ಇಷ್ಟು ಮಹತ್ವ? 2021ರಲ್ಲಿ ಕ್ರೋಮ್‌ನ ಹೊಸ ಆವೃತ್ತಿ ನಾಲ್ಕು ವಾರಕ್ಕೊಮ್ಮೆ ಬರಲು ಶುರುವಾಯಿತು, 2023ರ ಆಗಸ್ಟ್‌ನಿಂದ ಭದ್ರತಾ ದುರಸ್ತಿಗಳು ವಾರವಾರವೂ ಬರುತ್ತಿವೆ. ಲೋಪಗಳು ಆ ವೇಗದಲ್ಲಿ ಪತ್ತೆಯಾಗುತ್ತಿವೆ ಎಂದೇ ಇದರ ಅರ್ಥ. ‘ಕ್ರೋಮ್ ಬಳಕೆದಾರರೇ ಎಚ್ಚರ’ ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪ್ರಕಟಣೆ ಪತ್ರಿಕೆಯಲ್ಲಿ ಬಂದ ದಿನ ನನಗೆ ನಾಲ್ಕಾರು ಕರೆಗಳು ಬರುತ್ತವೆ: ಕ್ರೋಮ್ ತೆಗೆದುಹಾಕಬೇಕೇ ಎಂದು. ಆ ಸುದ್ದಿಯನ್ನು ಓದಬೇಕಾದ ಬಗೆ ಹೀಗೆ: ಸಾಮಾನ್ಯವಾಗಿ ಸುದ್ದಿ ಬರುವ ಹೊತ್ತಿಗೆ ತೂತು ಮುಚ್ಚುವ ಅಪ್‌ಡೇಟ್ ಬಿಡುಗಡೆಯಾಗಿರುತ್ತದೆ. ನಿಮ್ಮ ಯಂತ್ರಕ್ಕೆ ಅದು ಬಂದಿದೆಯೇ ಎಂದು ನೋಡಿಕೊಳ್ಳಿ, ಅಷ್ಟೇ.

ಈ ಹೆಜ್ಜೆಯಲ್ಲೇ ಕೆಲವರ ಪ್ರಯಾಣ ನಿಂತುಬಿಡುತ್ತದೆ. ವಿಂಡೋಸ್ 7 ಮತ್ತು 8.1ರ ಮೇಲೆ ಕ್ರೋಮ್ 109ನೇ ಆವೃತ್ತಿಗೇ ನಿಂತಿದೆ, 2023ರ ಫೆಬ್ರುವರಿಯ ನಂತರ ಹೊಸದು ಬಂದಿಲ್ಲ. ಆಂಡ್ರಾಯ್ಡ್ 8 ಮತ್ತು 9 ಇರುವ ಫೋನುಗಳಿಗೆ 138ನೇ ಆವೃತ್ತಿಯೇ ಕೊನೆಯದು. ಅಂಥ ಯಂತ್ರದಲ್ಲಿ ಬ್ರೌಸರ್ ಬದಲಿಸುವ ಚರ್ಚೆಗಿಂತ ಮೊದಲು ಒಂದು ಕಠಿಣ ಮಾತು ಹೇಳಬೇಕಾಗುತ್ತದೆ: ಅದರಲ್ಲಿ ಹಾಡು ಕೇಳಿ, ಪತ್ರಿಕೆ ಓದಿ, ಬ್ಯಾಂಕಿನ ಕೆಲಸ ಮಾತ್ರ ಬೇಡ.

ಹೆಜ್ಜೆ 2: ಹೆಸರು ಹಲವು, ಎಂಜಿನ್ ಮೂರೇ

ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್ನೆಟ್. ಇವೆಲ್ಲ ಒಂದೇ ಹಿಟ್ಟಿನಲ್ಲಿ ಹುಯ್ದ ದೋಸೆಗಳು. ಆ ಹಿಟ್ಟಿನ ಹೆಸರು ಕ್ರೋಮಿಯಂ, ಅದರೊಳಗಿನ ಎಂಜಿನ್, ಅಂದರೆ ತಾಣದ ಸಂಕೇತಗಳನ್ನು ಓದಿ ಪುಟವಾಗಿ ಪರದೆಗೆ ತರುವ ಭಾಗ, ಬ್ಲಿಂಕ್. ಮೈಕ್ರೋಸಾಫ್ಟ್ ತನ್ನದೇ ಎಂಜಿನ್ ಬಿಟ್ಟು 2020ರ ಜನವರಿಯಲ್ಲಿ ಎಡ್ಜ್ ಅನ್ನು ಇದರ ಮೇಲೆ ಹೊಸದಾಗಿ ಕಟ್ಟಿತು. ಮೊಜಿಲ್ಲಾದ ಫೈರ್‌ಫಾಕ್ಸ್ ಓಡುವುದು ಗೆಕೋ ಎಂಜಿನ್ ಮೇಲೆ. ಆ್ಯಪಲ್‌ನ ಸಫಾರಿಯದು ವೆಬ್‌ಕಿಟ್.

ಹೋಲಿಕೆ ಮಾಡುವವರಿಗೆ ಇದರಿಂದ ಎರಡು ವಿಷಯ ತಿಳಿಯುತ್ತದೆ. ಕ್ರೋಮ್ ಬಿಟ್ಟು ಎಡ್ಜ್‌ಗೋ ಬ್ರೇವ್‌ಗೋ ಹೋದರೆ ಮೇಲಿನ ಅಲಂಕಾರ, ಹಿಂಬಾಲಿಕೆ ತಡೆಯುವ ಬಿಗಿ ಮತ್ತು ಯಜಮಾನ ಬದಲಾಗುತ್ತಾರೆ, ಎಂಜಿನ್ನಿನ ಗಟ್ಟಿತನ ಹೆಚ್ಚೂಕಡಿಮೆ ಅದೇ ಇರುತ್ತದೆ. ಕ್ರೋಮಿಯಂನಲ್ಲಿ ಲೋಪ ಕಂಡರೆ ದುರಸ್ತಿ ಮೊದಲು ಬರುವುದು ಅಲ್ಲಿಗೆ, ಉಳಿದ ಕಂಪನಿಗಳು ಅದನ್ನು ತಮ್ಮ ಬ್ರೌಸರಿಗೆ ಸೇರಿಸಿ ಹಂಚಬೇಕು. ದೊಡ್ಡ ಕಂಪನಿಗಳು ಇದನ್ನು ಬೇಗ ಮಾಡುತ್ತವೆ. ಪ್ಲೇ ಸ್ಟೋರ್‌ನಲ್ಲಿ ‘ಫಾಸ್ಟ್’, ‘ಮಿನಿ’, ‘ಲೈಟ್’ ಎಂದೆಲ್ಲ ಹೆಸರಿಟ್ಟುಕೊಂಡು ಸಾಲಾಗಿ ನಿಂತಿರುವ ಅನಾಮಧೇಯ ಬ್ರೌಸರ್‌ಗಳ ಬಗ್ಗೆ ಆ ಭರವಸೆ ಇಲ್ಲ. ಒಂದು ಕಾಲಕ್ಕೆ ನಮ್ಮ ಕಡೆ ಪ್ರತಿ ಎರಡನೇ ಫೋನಿನಲ್ಲೂ ಕಾಣುತ್ತಿದ್ದ ಯುಸಿ ಬ್ರೌಸರ್, ಕೇಂದ್ರ ಸರ್ಕಾರ 2020ರ ಜೂನ್ 29ರಂದು ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಹಳೆಯ ಫೋನಿನಲ್ಲಿ ಈಗಲೂ ಅದು ಉಳಿದಿದ್ದರೆ ತೆಗೆದುಹಾಕಿ.

ಐಫೋನಿನ ವಿಷಯ ಬೇರೆ. ಭಾರತದಲ್ಲಿ ಐಫೋನಿನ ಮೇಲೆ ಕ್ರೋಮ್ ಹಾಕಿಕೊಂಡರೂ ಫೈರ್‌ಫಾಕ್ಸ್ ಹಾಕಿಕೊಂಡರೂ ಒಳಗೆ ಓಡುವುದು ಆ್ಯಪಲ್‌ನ ವೆಬ್‌ಕಿಟ್ಟೇ. 2024ರ ಮಾರ್ಚ್‌ನಿಂದ ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಬೇರೆ ಎಂಜಿನ್‌ಗೆ ಅವಕಾಶ ಕೊಡಲಾಗಿದೆ.

ಇನ್ನು ಯಜಮಾನನ ಹೊಟ್ಟೆಪಾಡು. ಗೂಗಲ್ ಬದುಕುವುದು ಜಾಹೀರಾತಿನಿಂದ. ಫೈರ್‌ಫಾಕ್ಸ್ ನಡೆಸುವ ಮೊಜಿಲ್ಲಾದ ಆದಾಯದ ಬಹುಪಾಲು ಬರುವುದು ಅದೇ ಗೂಗಲ್‌ನಿಂದ, ಹುಡುಕಾಟಕ್ಕೆ ಗೂಗಲ್ಲನ್ನೇ ಮುಂದಿಟ್ಟುದಕ್ಕೆ ಪ್ರತಿಫಲವಾಗಿ. ಸಫಾರಿಯಲ್ಲಿ ಅದೇ ಜಾಗಕ್ಕಾಗಿ ಗೂಗಲ್ 2022ರಲ್ಲಿ ಆ್ಯಪಲ್‌ಗೆ ಕೊಟ್ಟ ಹಣ 2,000 ಕೋಟಿ ಡಾಲರ್ ಎಂದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿತ್ತು. ಬ್ರೇವ್ ತನ್ನದೇ ಜಾಹೀರಾತು ಮತ್ತು ಕ್ರಿಪ್ಟೊ ವ್ಯವಹಾರ ಇಟ್ಟುಕೊಂಡಿದೆ. 2020ರಲ್ಲಿ ಕೆಲವು ಕ್ರಿಪ್ಟೊ ತಾಣಗಳ ವಿಳಾಸ ಬರೆದಾಗ ತನಗೆ ಕಮಿಷನ್ ಬರುವ ಕೊಂಡಿಯನ್ನು ಸದ್ದಿಲ್ಲದೆ ಸೇರಿಸುತ್ತಿದ್ದುದು ಬಯಲಾಗಿ ಕ್ಷಮೆ ಕೇಳಬೇಕಾಯಿತು. ದೇವರಂಥವರು ಯಾರೂ ಇಲ್ಲ ಎಂದು ತಿಳಿದುಕೊಂಡೇ ಮುಂದಿನ ಹೆಜ್ಜೆಗೆ ಹೋಗೋಣ.

ಹೆಜ್ಜೆ 3: ‘ಸೇಫಾ?’ ಎಂಬ ಪ್ರಶ್ನೆಯನ್ನು ಒಡೆದು ಕೇಳಿ

ಕಳ್ಳ ಗೋಡೆ ಕೊರೆದು ಬರುವುದು, ನೆಂಟನಂತೆ ಬಾಗಿಲು ತಟ್ಟಿ ಬರುವುದು, ನೆರೆಯವರು ಕಿಟಕಿಯಿಂದ ಇಣುಕುವುದು, ಈ ಮೂರನ್ನೂ ನಾವು ಒಂದೇ ‘ಸೇಫ್’ ಎಂಬ ಮಾತಿನಲ್ಲಿ ಕಲಸಿಬಿಡುತ್ತೇವೆ.

ಗೋಡೆಯ ಗಟ್ಟಿತನದಲ್ಲಿ ಕ್ರೋಮಿಯಂ ಮನೆತನ ಮುಂದಿದೆ. ಒಂದು ಟ್ಯಾಬಿನ ತಾಣ ಇನ್ನೊಂದರ ನೆನಪಿನಲ್ಲಿ ಕೈಹಾಕದಂತೆ ಪ್ರತಿ ತಾಣವನ್ನೂ ಬೇರೆ ಬೇರೆ ಕೋಣೆಯಲ್ಲಿಡುವ ವ್ಯವಸ್ಥೆ ಕಂಪ್ಯೂಟರಿನ ಕ್ರೋಮ್‌ಗೆ 2018ರಲ್ಲೇ ಬಂತು, ಫೈರ್‌ಫಾಕ್ಸ್‌ಗೆ 2021ರ ಕೊನೆಯಲ್ಲಿ. ಹಾಗೆಂದು ಯಾವ ಗೋಡೆಯೂ ಅಭೇದ್ಯವಲ್ಲ. 2024ರ ಮಾರ್ಚ್‌ನಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಪ್ವೋನ್-ಟು-ಓನ್ ಸ್ಪರ್ಧೆಯಲ್ಲಿ ಮ್ಯಾನ್‌ಫ್ರೆಡ್ ಪಾಲ್ ಎಂಬ ಸಂಶೋಧಕರು ಕ್ರೋಮ್, ಎಡ್ಜ್, ಸಫಾರಿ, ಫೈರ್‌ಫಾಕ್ಸ್ ನಾಲ್ಕನ್ನೂ ಭೇದಿಸಿ ತೋರಿಸಿದರು. ಮೊಜಿಲ್ಲಾ ತನ್ನ ಪಾಲಿನ ಲೋಪಗಳನ್ನು ಒಂದೆರಡು ದಿನದೊಳಗೆ ಮುಚ್ಚಿತು. ನಾನು ಅಂಕ ಕೊಡುವುದು ಮುಚ್ಚುವ ಈ ಚುರುಕುತನಕ್ಕೆ.

ನಮ್ಮಂಥವರ ಹಣ ಹೋಗುವುದು ಮಾತ್ರ ಬಹುಪಾಲು ಎರಡನೇ ದಾರಿಯಲ್ಲಿ. ಬ್ಯಾಂಕಿನ ಪುಟದಂತೆಯೇ ಕಾಣುವ ನಕಲಿ ಪುಟ, ವಿದ್ಯುತ್ ಬಿಲ್ಲಿನ ಹೆಸರಿನ ನಕಲಿ ಕೊಂಡಿ. ಇಲ್ಲಿ ಬ್ರೌಸರ್ ಒಂದು ಕಾವಲು ಪಟ್ಟಿ ಇಟ್ಟುಕೊಂಡಿರುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳು ಗೂಗಲ್‌ನ ಸೇಫ್ ಬ್ರೌಸಿಂಗ್ ಪಟ್ಟಿಯನ್ನು ನೋಡುತ್ತವೆ, ಎಡ್ಜ್ ಮೈಕ್ರೋಸಾಫ್ಟ್‌ನ ಸ್ಮಾರ್ಟ್‌ಸ್ಕ್ರೀನ್ ಪಟ್ಟಿಯನ್ನು. ಕ್ರೋಮ್‌ನಲ್ಲಿ ‘ಎನ್‌ಹಾನ್ಸ್ಡ್ ಪ್ರೊಟೆಕ್ಷನ್’ ಎಂಬ ಬಿಗಿ ಕಾವಲೂ ಇದೆ. ಅದನ್ನು ಹಾಕಿದರೆ ನೀವು ನೋಡುವ ತಾಣಗಳ ಬಗ್ಗೆ ಗೂಗಲ್‌ಗೆ ಹೆಚ್ಚು ಮಾಹಿತಿ ಹೋಗುತ್ತದೆ, ಬದಲಿಗೆ ಹೊಸ ಮೋಸದ ಪುಟಗಳು ಬೇಗ ಸಿಕ್ಕಿಬೀಳುತ್ತವೆ. ಚಿಕ್ಕಪ್ಪನ ಫೋನಿನಲ್ಲಿ ನಾನು ಅದನ್ನು ಹಾಕಿದ್ದೇನೆ, ನನ್ನದರಲ್ಲಿ ಇಲ್ಲ. ಎರಡೂ ಸರಿ ಎಂದೇ ನನ್ನ ನಂಬಿಕೆ.

ಬೀಗದ ಚಿತ್ರದ ಬಗ್ಗೆ ಒಂದು ಮಾತು. ಬೀಗ ಕಂಡರೆ ತಾಣ ನಂಬಲರ್ಹ ಎಂದು ನಾವೇ ಹಿಂದೆ ಊರಿಗೆಲ್ಲ ಪಾಠ ಮಾಡಿದ್ದೆವು. ಅದು ತಪ್ಪು ಪಾಠ. ದಾರಿಯಲ್ಲಿ ಮಾತು ಕದಿಯಲಾಗದು ಎಂದಷ್ಟೇ ಬೀಗ ಹೇಳುತ್ತದೆ, ಆ ತುದಿಯಲ್ಲಿ ಕುಳಿತವನು ಯಾರು ಎಂದು ಹೇಳುವುದಿಲ್ಲ. ಕಳ್ಳನೂ ಬೀಗ ಹಾಕಿಕೊಳ್ಳಬಹುದು, ಹಾಕಿಕೊಳ್ಳುತ್ತಾನೆ. ಈ ತಪ್ಪು ತಿಳಿವಳಿಕೆಯ ಕಾರಣಕ್ಕೇ ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ಬೀಗವನ್ನು ತೆಗೆದು ಬೇರೆ ಗುರುತು ಇಟ್ಟಿತು.

ಅದರ ಬದಲು ವಿಳಾಸವನ್ನು ಬಲದಿಂದ ಎಡಕ್ಕೆ ಓದುವುದನ್ನು ರೂಢಿ ಮಾಡಿಕೊಳ್ಳಿ. ಆಸ್ತಿ ನೋಂದಣಿಯ ಕಾವೇರಿ ತಾಣವನ್ನೇ ತೆಗೆದುಕೊಳ್ಳಿ: ‘ಕಾವೇರಿ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಮೊದಲ ಓರೆಗೆರೆಯ ತನಕ ಇರುವ ಭಾಗದ ಬಲ ತುದಿಯಲ್ಲಿ ‘ಗವ್ ಡಾಟ್ ಇನ್’ ಇದೆ, ಆದ್ದರಿಂದ ಅದು ಸರ್ಕಾರದ್ದು. ‘ಕಾವೇರಿ-ಕರ್ನಾಟಕ-ಗವ್ ಡಾಟ್ ಆನ್‌ಲೈನ್’ ಎಂದಿದ್ದರೆ ಬಲ ತುದಿಯಲ್ಲಿರುವುದು ‘ಆನ್‌ಲೈನ್’, ಅದನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು. ಎಡಗಡೆ ಎಷ್ಟು ಸಲ ಕರ್ನಾಟಕ ಎಂದು ಬರೆದುಕೊಂಡರೂ ಅಷ್ಟೇ. ಬ್ಯಾಂಕುಗಳ ಮಟ್ಟಿಗೆ ರಿಸರ್ವ್ ಬ್ಯಾಂಕ್ ಈಚೆಗೆ ಒಂದು ಒಳ್ಳೆಯ ಕೆಲಸ ಮಾಡಿದೆ: 2025ರ ಅಕ್ಟೋಬರ್ 31ರೊಳಗೆ ತಮ್ಮ ತಾಣಗಳನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತ್ತು. ಈ ಬಾಲ ಬ್ಯಾಂಕುಗಳಿಗೆ ಮಾತ್ರ ಸಿಗುವಂಥದು.

ವಿಳಾಸ ಓದಲು ಕಣ್ಣು ಸಾಲದ ಹಿರಿಯರಿಗೆ ಇನ್ನೊಂದು ಉಪಾಯವಿದೆ. ಬ್ಯಾಂಕಿನ ಪಾಸ್‌ವರ್ಡನ್ನು ಹಣದ ಬ್ರೌಸರಿನಲ್ಲೇ ಉಳಿಸಿಡಿ. ಅಸಲಿ ತಾಣದಲ್ಲಿ ಅದು ತಾನಾಗಿ ತುಂಬಿಕೊಳ್ಳುತ್ತದೆ. ನಕಲಿ ತಾಣದಲ್ಲಿ ಪುಟ ಎಷ್ಟೇ ತದ್ರೂಪಾಗಿದ್ದರೂ ತುಂಬಿಕೊಳ್ಳುವುದಿಲ್ಲ, ಏಕೆಂದರೆ ಬ್ರೌಸರ್ ನೋಡುವುದು ವಿಳಾಸವನ್ನು, ಬಣ್ಣವನ್ನಲ್ಲ. ‘ಇವತ್ತು ಏಕೋ ತಾನಾಗಿ ಬರಲಿಲ್ಲ’ ಎನಿಸಿದರೆ ಕೈಯಾರೆ ಬರೆಯಬೇಡಿ, ಅಲ್ಲೇ ನಿಲ್ಲಿ. ಹೀಗೆ ಉಳಿಸಿಡುವುದಾದರೆ ಫೋನಿಗೂ ಕಂಪ್ಯೂಟರಿಗೂ ಪರದೆಯ ಬೀಗ ಇರಲೇಬೇಕು. ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಾದರೆ ‘ಪ್ರೈಮರಿ ಪಾಸ್‌ವರ್ಡ್’ ಎಂಬ ಹೆಚ್ಚುವರಿ ಕೀಲಿಯನ್ನೂ ಹಾಕಬಹುದು.

ಕಿಟಕಿಯ ಇಣುಕಾಟದಲ್ಲಿ ಕ್ರೋಮ್ ಹಿಂದಿದೆ. ಒಂದು ಅಂಗಡಿಯಲ್ಲಿ ಮಿಕ್ಸರ್ ನೋಡಿದರೆ ಹತ್ತು ತಾಣಗಳಲ್ಲಿ ಮಿಕ್ಸರ್ ಜಾಹೀರಾತು ಬೆನ್ನಟ್ಟುವಂತೆ ಮಾಡುವ ಮೂರನೆಯವರ ಕುಕಿಗಳನ್ನು (ನಿಮ್ಮನ್ನು ಗುರುತಿಸಲು ಬ್ರೌಸರಿನಲ್ಲಿ ಬಿಟ್ಟುಹೋಗುವ ಪುಟ್ಟ ಚೀಟಿಗಳನ್ನು) ಸಫಾರಿ 2020ರಿಂದಲೇ ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಯನ್ನೂ ಅದರದೇ ಡಬ್ಬಿಯಲ್ಲಿ ಮುಚ್ಚಿಡುತ್ತದೆ. ಬ್ರೇವ್‌ನಲ್ಲಿ ತಡೆ ಮೊದಲಿನಿಂದಲೂ ಇದೆ. ಇವನ್ನು ಕೈಬಿಡುವುದಾಗಿ 2020ರಲ್ಲಿ ಮಾತುಕೊಟ್ಟಿದ್ದ ಗೂಗಲ್ ಮುಂದೂಡುತ್ತ ಬಂದು 2024ರಲ್ಲಿ ಆ ಯೋಜನೆಯನ್ನೇ ಬಿಟ್ಟಿತು. ಅಂದಹಾಗೆ ಇನ್‌ಕಾಗ್ನಿಟೊ ಕಿಟಕಿ ತೆರೆದರೆ ಯಾರಿಗೂ ಏನೂ ಗೊತ್ತಾಗದು ಎಂಬುದು ಭ್ರಮೆ. ಆ ಯಂತ್ರದಲ್ಲಿ ಚರಿತ್ರೆ ಉಳಿಯುವುದಿಲ್ಲ, ಅಷ್ಟೇ. ತಾಣಕ್ಕೂ ಇಂಟರ್ನೆಟ್ ಕೊಟ್ಟ ಕಂಪನಿಗೂ ಕಚೇರಿಯ ಜಾಲಕ್ಕೂ ನೀವು ಕಾಣುತ್ತಲೇ ಇರುತ್ತೀರಿ.

ಹೆಜ್ಜೆ 4: ಕೈಗೆ ಒಗ್ಗುತ್ತದೆಯೇ, ಕನ್ನಡಕ್ಕೆ ಒಗ್ಗುತ್ತದೆಯೇ

ಕನ್ನಡ ಪತ್ರಿಕೆಯ ತಾಣ ಓದಲು ಇಂಥದೇ ಫಾಂಟು, ಇಂಥದೇ ಬ್ರೌಸರ್ ಬೇಕಿದ್ದ ದಿನಗಳನ್ನು ಕಂಡವರಿಗೆ ಈಗಿನದು ಸ್ವರ್ಗ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ಎಲ್ಲವೂ ಒತ್ತಕ್ಷರವನ್ನೂ ಅರ್ಕಾವತ್ತನ್ನೂ ಸರಿಯಾಗಿಯೇ ಜೋಡಿಸುತ್ತವೆ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳ ಮೆನುಗಳನ್ನೇ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಮನೆಯ ಹಿರಿಯರಿಗೆ ಹಾಗೆ ಮಾಡಿಕೊಡುವ ಮುನ್ನ ಒಮ್ಮೆ ಯೋಚಿಸಿ: ದೂರದಿಂದ ಫೋನಿನಲ್ಲಿ ‘ಸೆಟ್ಟಿಂಗ್ಸ್ ಒತ್ತಿ’ ಎಂದು ನೀವು ಹೇಳುವಾಗ ಅವರ ಪರದೆಯಲ್ಲಿ ‘ಸೆಟ್ಟಿಂಗ್ಸ್’ ಇರುವುದೇ ಇಲ್ಲ.

ಸುಲಭತೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಎಡ್ಜ್‌ನ ‘ರೀಡ್ ಅಲೌಡ್’. ಕನ್ನಡ ಲೇಖನವನ್ನು ಸಪ್ನಾ, ಗಗನ್ ಎಂಬ ಎರಡು ದನಿಗಳಲ್ಲಿ ಓದಿ ಹೇಳುತ್ತದೆ, ಉಚ್ಚಾರಣೆ ಅಲ್ಲಲ್ಲಿ ಮುಗ್ಗರಿಸಿದರೂ ಕಿವಿಗೆ ಹಿತವಾಗಿಯೇ ಇದೆ. ನಮ್ಮ ಮನೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದವರಿಗೆ ಎರಡು ವಾರ ಇದೇ ಪತ್ರಿಕೆ ಓದಿತು. ಅದೇ ಎಡ್ಜ್ ಪ್ರತಿ ಮೂಲೆಯಲ್ಲೂ ರಿಯಾಯಿತಿ, ಬಿಂಗ್, ಕೋಪೈಲಟ್ ಎಂದು ತೋಳು ಹಿಡಿದೆಳೆಯುವುದು ನನಗೆ ಕಿರಿಕಿರಿ. ಒಂದರ್ಧ ಗಂಟೆ ಕುಳಿತು ಅವನ್ನೆಲ್ಲ ಆರಿಸಬೇಕು. ಲೆಕ್ಕಪರಿಶೋಧಕರೂ ಗುತ್ತಿಗೆದಾರರೂ ಎಡ್ಜ್ ಅನ್ನು ಪೂರ್ತಿ ಬಿಡಲಾರರು. 2022ರ ಜೂನ್‌ನಲ್ಲಿ ನಿವೃತ್ತವಾದ ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ನಂಬಿಕೊಂಡ ಹಳೆಯ ತಾಣಗಳನ್ನು ತೆರೆಯುವ ‘ಐಇ ಮೋಡ್’ ಇರುವುದು ಇದರಲ್ಲಿಯೇ. 2029ರ ತನಕವಾದರೂ ಅದನ್ನು ಉಳಿಸಿಕೊಳ್ಳುವುದಾಗಿ ಮೈಕ್ರೋಸಾಫ್ಟ್ ಹೇಳಿದೆ.

ನಾಲ್ಕು ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ ಯಾವುದು ಹಗುರ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಸುಮ್ಮನಿರುವ ಟ್ಯಾಬುಗಳನ್ನು ಮಲಗಿಸುವ ಸೌಕರ್ಯ ಈಗ ಎಲ್ಲದರಲ್ಲೂ ಇದೆ, ಇಪ್ಪತ್ತು ಟ್ಯಾಬ್ ತೆರೆದರೆ ಎಲ್ಲವೂ ಏದುಸಿರು ಬಿಡುತ್ತವೆ. ವ್ಯತ್ಯಾಸ ಕಾಣುವುದು ಜಾಹೀರಾತು ತಡೆದಾಗ. ಎಕ್ಸ್‌ಟೆನ್ಷನ್‌ಗಳ, ಅಂದರೆ ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಪುಟ್ಟ ಉಪಕರಣಗಳ, ನಿಯಮವನ್ನು ಕ್ರೋಮ್ ಬದಲಿಸಿದ ಮೇಲೆ ಯುಬ್ಲಾಕ್ ಒರಿಜಿನ್ ಎಂಬ ಪ್ರಸಿದ್ಧ ತಡೆಗಾರ ಅದರಲ್ಲಿ ಪೂರ್ಣರೂಪದಲ್ಲಿ ಓಡುವುದಿಲ್ಲ, ‘ಲೈಟ್’ ಎಂಬ ಸಣ್ಣ ರೂಪ ಮಾತ್ರ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ಪೂರ್ಣರೂಪವೇ ಇದೆ, ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಇದೆ. ಆಂಡ್ರಾಯ್ಡ್ ಕ್ರೋಮ್‌ಗೆ ಎಕ್ಸ್‌ಟೆನ್ಷನ್‌ಗಳನ್ನು ಹಾಕಲು ಬರುವುದೇ ಇಲ್ಲ. ಜಾಹೀರಾತು ತುಂಬಿದ ತಾಣಗಳನ್ನು ಅಗ್ಗದ ಫೋನಿನಲ್ಲಿ ಓದುವವರಿಗೆ ಈ ಒಂದೇ ಕಾರಣ ಸಾಕು.

ಹೆಜ್ಜೆ 5: ಜೋಡಿಯನ್ನು ಆರಿಸಿ

ಆಂಡ್ರಾಯ್ಡ್ ಫೋನಿದ್ದರೆ ಹಣಕ್ಕೆ ಕ್ರೋಮ್, ತಿರುಗಾಟಕ್ಕೆ ಯುಬ್ಲಾಕ್ ಒರಿಜಿನ್ ಹಾಕಿದ ಫೈರ್‌ಫಾಕ್ಸ್. ಎಕ್ಸ್‌ಟೆನ್ಷನ್ ಗೊಡವೆಯೇ ಬೇಡ ಎನ್ನುವವರಿಗೆ ತಿರುಗಾಟಕ್ಕೆ ಬ್ರೇವ್. ಮೊದಲ ದಿನವೇ ಅದರ ರಿವಾರ್ಡ್ಸ್, ವ್ಯಾಲೆಟ್‌ಗಳನ್ನು ಕಣ್ಮರೆ ಮಾಡಿಬಿಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಎಡ್ಜ್ ಹೇಗೂ ಇದ್ದೇ ಇರುತ್ತದೆ, ಅದನ್ನೇ ಹಣಕ್ಕೆ ಮೀಸಲಿಡಿ. ಐಫೋನ್ ಮತ್ತು ಮ್ಯಾಕ್‌ನಲ್ಲಿ ಹಣಕ್ಕೆ ಸಫಾರಿ, ಉಳಿದುದಕ್ಕೆ ನಿಮಗಿಷ್ಟವಾದದ್ದು.

ಡೀಫಾಲ್ಟ್ ಮಾಡಬೇಕಾದದ್ದು ತಿರುಗಾಟದ ಬ್ರೌಸರನ್ನು. ಈ ಇಡೀ ಏರ್ಪಾಡಿನ ಗುಟ್ಟು ಇರುವುದೇ ಇಲ್ಲಿ. ಆಗ ವಾಟ್ಸ್ಆ್ಯಪ್‌ನಲ್ಲೋ ಎಸ್ಎಂಎಸ್‌ನಲ್ಲೋ ಬಂದ ಯಾವ ಕೊಂಡಿಯನ್ನು ಒತ್ತಿದರೂ ಅದು ಬ್ಯಾಂಕಿನ ಪಾಸ್‌ವರ್ಡ್ ಇಲ್ಲದ, ಬ್ಯಾಂಕಿಗೆ ಲಾಗಿನ್ ಆಗಿರದ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಹಣದ ಬ್ರೌಸರನ್ನು ನೀವೇ ಹುಡುಕಿಕೊಂಡು ಹೋಗಿ ತೆರೆಯಬೇಕು, ಒಳಗೆ ಬುಕ್‌ಮಾರ್ಕ್ (ಮೊದಲೇ ಉಳಿಸಿಟ್ಟ ವಿಳಾಸ) ಒತ್ತಿಯೇ ಬ್ಯಾಂಕಿಗೆ ಹೋಗಬೇಕು. ಹಣದ ಬ್ರೌಸರಿಗೆ ಕಣ್ಣಿಗೆ ಹೊಡೆಯುವ ಬೇರೆ ಬಣ್ಣ ಕೊಟ್ಟರೆ ಇನ್ನೂ ಒಳ್ಳೆಯದು. ಕಂಪ್ಯೂಟರಿನಲ್ಲಿ ನನ್ನದು ಕಡುಗೆಂಪು.

ಹೆಜ್ಜೆ 6: ಸಾಮಾನು ಸಾಗಿಸುವಾಗ

ಬುಕ್‌ಮಾರ್ಕುಗಳನ್ನು ಹೊಸ ಬ್ರೌಸರ್ ತಾನೇ ಕೇಳಿ ತಂದುಕೊಳ್ಳುತ್ತದೆ. ಪಾಸ್‌ವರ್ಡ್‌ಗಳನ್ನು ಮಾತ್ರ ಗುಂಪಾಗಿ ಸಾಗಿಸಬೇಡಿ, ಬೇಕಾದಂತೆ ಒಂದೊಂದಾಗಿ ಉಳಿಸಿಕೊಳ್ಳುತ್ತ ಹೋಗಿ. ಸಿಎಸ್‌ವಿ ಕಡತವಾಗಿ ಹೊರತೆಗೆದರೆ ನಿಮ್ಮ ಪಾಸ್‌ವರ್ಡುಗಳೆಲ್ಲ ಅಂಗಡಿಯ ಚೀಟಿಯಂತೆ ಬಿಚ್ಚಿಟ್ಟ ಅಕ್ಷರಗಳಲ್ಲಿ ಇರುತ್ತವೆ. ಪರಿಚಯದವರೊಬ್ಬರ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅಂಥ ಕಡತ ಎರಡು ವರ್ಷದಿಂದ ಬಿದ್ದಿತ್ತು, ಅದರ ಹೆಸರೇ ‘ಪಾಸ್‌ವರ್ಡ್ಸ್’. ಹೊರತೆಗೆಯಲೇಬೇಕಾದರೆ ಕೆಲಸ ಮುಗಿದ ಮರುಗಳಿಗೆ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ. ಆಮೇಲೆ ತಿರುಗಾಟದ ಬ್ರೌಸರಿನಲ್ಲಿ ಉಳಿದಿರುವ ಬ್ಯಾಂಕಿನ ಪಾಸ್‌ವರ್ಡ್ ಮತ್ತು ಕಾರ್ಡಿನ ವಿವರಗಳನ್ನು ತೆಗೆಯಿರಿ.

ಹೆಜ್ಜೆ 7: ಅರ್ಧ ಗಂಟೆಯ ಶುಚಿಕಾರ್ಯ

ಮೊದಲು ಸೂಚನೆಗಳು. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮೂರು ಚುಕ್ಕಿ, ‘ಸೆಟ್ಟಿಂಗ್ಸ್’, ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಷನ್ಸ್’. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿರುತ್ತದೆ. ಚಿಕ್ಕಪ್ಪನ ಒಂಬತ್ತೂ ಸಿಕ್ಕಿದ್ದು ಅಲ್ಲಿಯೇ: ಫಲಿತಾಂಶ ನೋಡಲು ಹೋದ ತಾಣ ಎರಡು, ಸಿನಿಮಾ ಇಳಿಸುವ ತಾಣ ಮೂರು, ಉಳಿದವು ಏನೆಂದು ಅವರಿಗೂ ನೆನಪಿರಲಿಲ್ಲ. ಒಂದೊಂದನ್ನೂ ಒತ್ತಿ ನಿಲ್ಲಿಸಿ, ಮೇಲಿನ ಗುಂಡಿಯಿಂದ ‘ಕೇಳುವುದೇ ಬೇಡ’ ಎಂದೂ ಮಾಡಿಬಿಡಿ. ‘13 ವೈರಸ್’ಗಳು ಅಲ್ಲಿಗೆ ಸಾಯುತ್ತವೆ.

ಎರಡನೆಯದು ಇನ್ನೂ ಮುಖ್ಯ. ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್ ಎಂದು ಹೇಳಿಕೊಂಡು ಬರುವ ಎಪಿಕೆ ಕಡತಗಳಿಂದ (ಒತ್ತಿದರೆ ಫೋನಿನಲ್ಲಿ ಆ್ಯಪ್ ಕೂರಿಸುವಂಥವು) ಖಾತೆ ಬರಿದಾದ ಸುದ್ದಿಯನ್ನು ನೀವೂ ಓದಿರುತ್ತೀರಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ಬ್ರೌಸರ್‌ಗಳು, ವಾಟ್ಸ್ಆ್ಯಪ್, ಫೈಲ್ ಮ್ಯಾನೇಜರ್ ಎಲ್ಲಕ್ಕೂ ಅನುಮತಿ ತೆಗೆಯಿರಿ.

ಮೂರನೆಯದು ಎಕ್ಸ್‌ಟೆನ್ಷನ್. ಹಣದ ಬ್ರೌಸರಿನಲ್ಲಿ ಒಂದೂ ಇರಬಾರದು. ಬಹಳಷ್ಟು ಎಕ್ಸ್‌ಟೆನ್ಷನ್‌ಗಳು ನೀವು ನೋಡುವ ಪುಟವನ್ನೆಲ್ಲ ಓದುವ ಅನುಮತಿ ಪಡೆದಿರುತ್ತವೆ, ಇವತ್ತಿನ ಒಳ್ಳೆಯ ಮಾಲೀಕ ನಾಳೆ ಅದನ್ನು ಮಾರಿಬಿಡಬಹುದು. ಟ್ಯಾಬ್ ಮಲಗಿಸುತ್ತಿದ್ದ ‘ದಿ ಗ್ರೇಟ್ ಸಸ್ಪೆಂಡರ್’ ಹಾಗೆಯೇ ಕೈಬದಲಾಗಿ, 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಅಪಾಯಕಾರಿ ಎಂದು ಕಿತ್ತುಹಾಕಿತು.

ಉಳಿದದ್ದು ಬೇಗ ಮುಗಿಯುತ್ತದೆ. ಕ್ರೋಮ್‌ನಲ್ಲಿ ‘ಆಲ್‌ವೇಸ್ ಯೂಸ್ ಸೆಕ್ಯೂರ್ ಕನೆಕ್ಷನ್ಸ್’, ಫೈರ್‌ಫಾಕ್ಸ್‌ನಲ್ಲಿ ‘ಎಚ್‌ಟಿಟಿಪಿಎಸ್-ಓನ್ಲಿ ಮೋಡ್’ ಹಾಕಿ, ದಾರಿಯಲ್ಲಿ ಮಾತು ಕದಿಯಲಾಗದ ಸಂಪರ್ಕವನ್ನೇ ಬ್ರೌಸರ್ ಬಳಸಲಿ. ಫೈರ್‌ಫಾಕ್ಸ್‌ನ ಹಿಂಬಾಲಿಕೆ ತಡೆಯನ್ನು ‘ಸ್ಟ್ರಿಕ್ಟ್’ಗೆ ಇಡಿ, ಯಾವುದಾದರೂ ತಾಣ ಮುರಿದಂತೆ ಕಂಡರೆ ವಿಳಾಸದ ಪಕ್ಕದ ಗುರಾಣಿ ಚಿತ್ರ ಒತ್ತಿ ಅದೊಂದಕ್ಕೆ ವಿನಾಯಿತಿ ಕೊಡಿ.

ಹೆಜ್ಜೆ 8: ಆಗಲೇ ಎಡವಿದ್ದರೆ

ನಕಲಿ ಪುಟದಲ್ಲಿ ಪಾಸ್‌ವರ್ಡ್ ಬರೆದಿರಿ ಎಂದು ಹೊಳೆದ ಕ್ಷಣ ಬೇರೆ ಯಂತ್ರದಿಂದ ಅದನ್ನು ಬದಲಿಸಿ, ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಿ. ಬ್ಯಾಂಕಿನ ಸಂಖ್ಯೆಯನ್ನು ಕಾರ್ಡಿನ ಹಿಂಬದಿಯಿಂದ ನೋಡಿಕೊಳ್ಳಿ, ಹುಡುಕಾಟದಲ್ಲಿ ಸಿಗುವ ‘ಕಸ್ಟಮರ್ ಕೇರ್’ ಸಂಖ್ಯೆಗಳಲ್ಲೂ ನಕಲಿ ಇರುತ್ತವೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಬಂದರೆ ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯುವ ಅವಕಾಶ ಹೆಚ್ಚು. ನಾಚಿಕೆಪಟ್ಟು ರಾತ್ರಿ ಕಳೆದು ಬೆಳಿಗ್ಗೆ ಮಗನಿಗೆ ಹೇಳಿದವರನ್ನು ಕಂಡಿದ್ದೇನೆ, ಅಷ್ಟರಲ್ಲಿ ಹಣ ನಾಲ್ಕು ಖಾತೆ ದಾಟಿತ್ತು.

ಚಿಕ್ಕಪ್ಪನ ಫೋನಿನಲ್ಲಿ ಈಗ ಎರಡು ಚಿತ್ರಗಳಿವೆ. ತಿರುಗಾಟದ್ದು ಕೆಳಗಿನ ಸಾಲಿನಲ್ಲಿ, ಹಣದ್ದು ಎರಡನೇ ಪುಟದಲ್ಲಿ ಒಂಟಿಯಾಗಿ. ವ್ಯವಸ್ಥೆ ಅವರಿಗೆ ಒಗ್ಗಿದೆ. ಮೊನ್ನೆ ಕರೆ ಮಾಡಿ, “ಕೊಬ್ಬರಿ ಧಾರಣೆ ಯಾವುದರಲ್ಲಿ ನೋಡಲಿ? ಅದೂ ದುಡ್ಡಿನ ವಿಷಯವೇ ಅಲ್ಲವೇನಪ್ಪಾ?” ಎಂದು ಕೇಳಿದರು. “ಧಾರಣೆ ತಿರುಗಾಟದ್ದರಲ್ಲಿ ನೋಡಿ ಚಿಕ್ಕಪ್ಪ, ಮಂಡಿಯವರು ದುಡ್ಡು ಹಾಕಿದ್ದಾರೆಯೇ ಎಂದು ಇನ್ನೊಂದರಲ್ಲಿ ನೋಡಿ” ಎಂದೆ.